ತೋಟದ ಮನೆಯ ಬಿಸಿನೀರು

ಬಿಸಿನೀರು ಯಾರಿಗೆ ಬೇಕು? ಬಾಣಂತಿಗೆ ಬೇಕು. ಕೂಸಿಗೆ ಎರೆಯಲು ಬೇಕು. ಮೊಣಕಾಲು ನೋಯುವ ಮುದುಕಿಗೆ ಬೇಕು. ದಿನವೆಲ್ಲ ಕಸ ತೆಗೆದು, ಸೊಂಟ ಬಾಗಿಸಿ ದುಡಿದು ಬಂದ ಮೈಗೂ ಬೇಕು.

ಬಿಸಿನೀರು ಕಾಸುವವರು ಯಾರು? ನಾವು.

ಎಲ್ಲರಿಗಿಂತ ಮೊದಲು ಏಳುತ್ತೇವೆ. ಬಚ್ಚಲ ಒಲೆಗೆ ತೊಗರಿ ಕಟಗಿ ತುರುಕುತ್ತೇವೆ. ಹತ್ತಿ ಕಟಗಿ, ಕುಳ್ಳು ಇಡುತ್ತೇವೆ. ಊದಿ ಊದಿ ಕಣ್ಣು ಕೆಂಪಗಾಗುತ್ತವೆ. ಎಲ್ಲರ ಜಳಕ ಮುಗಿದ ಮೇಲೆ ಹಂಡೆಯಲ್ಲಿ ಒಂದು ಚರಗಿ ಬಿಸಿನೀರು ಉಳಿದರೆ ಅದು ನಮ್ಮ ಪಾಲು. ಹೊಗೆ ಮಾತ್ರ ಪೂರ್ತಿ ನಮ್ಮದೇ. ಮನೆಯೊಳಗಿನ ಒಲೆ, ದೀಪಗಳ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಹೊಗೆ ಅಂದರೆ ಬರೀ ಕಣ್ಣೀರಲ್ಲ.

ಈ ಪಾಠದಲ್ಲಿ ನಾವು ಒಂದು ಪ್ರಶ್ನೆ ನೋಡೋಣ. ಲೈನು ಬಾರದ ತೋಟದ ಮನೆಯಲ್ಲಿ ನೀರು ಕಾಸಲು ಕರೆಂಟು ಒಳ್ಳೆಯದೋ, ಗ್ಯಾಸು ಒಳ್ಳೆಯದೋ?

ತಲೆ ಮೇಲೆ ತಂತಿ, ಮನೆಯಲ್ಲಿ ಚಿಮಣಿ

ಕೊಲ್ಹಾರ ಕೃಷ್ಣಾ ನದಿಯ ದಂಡೆಯ ಊರು. ಗಡಿಗೆ ಮೊಸರಿಗೆ ಹೆಸರಾದ ಊರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರು ಸಿಕ್ಕಿತು. ಜನ ಮೇಲೆ ಬಂದು ಹೊಸ ಊರು ಕಟ್ಟಿಕೊಂಡರು.

ಆ ಅಣೆಕಟ್ಟಿನಲ್ಲಿ ನೀರಿನ ಬಲದಿಂದ ಕರೆಂಟು ತೆಗೆಯುತ್ತಾರೆ. ಅಲ್ಲಿನ ಶಕ್ತಿ 290 ಮೆಗಾವ್ಯಾಟ್. ಇತ್ತ ಕೂಡಗಿಯಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುತ್ತಾರೆ. ಅಲ್ಲಿ 800 ಮೆಗಾವ್ಯಾಟಿನ 3 ಘಟಕಗಳು ಇವೆ. 800 × 3 = 2400. ಅವು 2017 ಮತ್ತು 2018ರಲ್ಲಿ ಕೆಲಸ ಶುರು ಮಾಡಿದವು. ನೋಡಿರಿ, ಒಂದು ಕಡೆ ನೀರಿನ ಕರೆಂಟು, ಇನ್ನೊಂದು ಕಡೆ ಬೆಂಕಿಯ ಕರೆಂಟು. ನಡುವೆ ನಾವು.

ದೊಡ್ಡ ತಂತಿಗಳು ಹೊಲದ ಮೇಲೆ ಹಾದು ದೂರದ ಊರಿಗೆ ಹೋಗುತ್ತವೆ. ತಂತಿ ತಲೆ ಮೇಲೆ ಹಾದು ಹೋದರೆ ಮನೆಗೆ ಕರೆಂಟು ಬಂದಂತೆ ಅಲ್ಲ. ಊರೊಳಗಿನ ಮನೆಗೆ ಮೀಟರ್ ಇರುತ್ತದೆ. ಊರು ಬಿಟ್ಟು ತೋಟದಲ್ಲಿ ವಸ್ತಿ ಇರುವವರಿಗೆ ಕಂಬ ಹಾಕಿಸುವುದು ದೊಡ್ಡ ಕೆಲಸ. ಕಂಬ ದೂರ ಇದ್ದಷ್ಟು ಖರ್ಚು ಹೆಚ್ಚು. ಪಂಪಸೆಟ್ಟಿನ ಲೈನು ಇದ್ದರೂ ಅದರಲ್ಲಿ ದಿನವಿಡೀ ಕರೆಂಟು ಇರುವುದಿಲ್ಲ. ಕೆಲವು ತಾಸು ಬರುತ್ತದೆ, ಅದೂ ಎಷ್ಟೋ ಸಲ ರಾತ್ರಿ ಹೊತ್ತು. ಇದು ಕೊಲ್ಹಾರದ ಮಾತು ಮಾತ್ರ ಅಲ್ಲ. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಇಂಡಿ, ಸಿಂದಗಿ ಕಡೆಯ ತೋಟದ ವಸ್ತಿಗಳಲ್ಲೂ ಇದೇ ಮಾತು ಕೇಳುತ್ತೇವೆ.

ಕೆಲವರು ಲೈನಿಗೆ ಕೊಂಡಿ ಹಾಕುತ್ತಾರೆ. ಅದರ ಮಾತೇ ಬೇಡ. ಅದು ಕಾಯ್ದೆಗೆ ತಪ್ಪು, ಜೀವಕ್ಕೂ ಅಪಾಯ. ಒದ್ದೆ ಬಚ್ಚಲಿಗೆ ಕೊಂಡಿಯ ಕರೆಂಟು ತರುವುದು ಅಂದರೆ ಮನೆಯೊಳಗೆ ಹಾವು ಬಿಟ್ಟುಕೊಂಡಂತೆ.

ಹೀಗಾಗಿ ತೋಟದ ಮನೆಯವರು ಮಾಡಿನ ಮೇಲೆ ಸೋಲಾರ್ ಪ್ಯಾನಲ್ ಹಾಕಿಸುತ್ತಾರೆ. ಕೆಳಗೆ ಒಂದು ಬ್ಯಾಟರಿ. ಎರಡು ದೀಪ ಹತ್ತುತ್ತವೆ. ಮೊಬೈಲ್ ಚಾರ್ಜ್ ಆಗುತ್ತದೆ. ಒಳ್ಳೆಯದೇ ಆಯಿತು. ಆಮೇಲೆ ಮಳೆಗಾಲದಲ್ಲಿ ಒಂದು ದಿನ ಮಾತು ಹೀಗೆ ಬರುತ್ತದೆ:

"ಅತ್ತೀ, ಕಟಗಿ ಎಲ್ಲಾ ತೊಯ್ದಾವ್ರಿ. ಉರಿ ಹತ್ತಂಗಿಲ್ಲ. ಮ್ಯಾಲೆ ಪ್ಯಾನಲ್ ಅದಲ್ರಿ, ನೀರು ಕಾಸೋ ರಾಡ್ ಒಂದು ತರಿಸೋಣೇನ್ರಿ?"

"ಏನೋ ಯವ್ವಾ. ಎಳ್ಡು ದೀಪಾ ಹಚ್ಚೋ ಕರೆಂಟಿಗೆ ಹಂಡೇದಾಗಿನ ನೀರು ಕಾಯ್ತಾವೇನು?"

ಅತ್ತೆ ಶಾಲೆಗೆ ಹೋದವಳಲ್ಲ. ಆದರೆ ಕೇಳಿದ ಪ್ರಶ್ನೆ ಸರಿಯಾದದ್ದು. ಉತ್ತರವನ್ನು ನಾವು ಲೆಕ್ಕ ಮಾಡಿ ತೆಗೆಯೋಣ.

ದೀಪ ಬೇರೆ, ಒಲೆ ಬೇರೆ

ಪ್ರತಿ ದೀಪದ ಮೇಲೆ, ಪ್ರತಿ ರಾಡಿನ ಮೇಲೆ ಒಂದು ಅಂಕಿ ಬರೆದಿರುತ್ತಾರೆ. ಅದರ ಮುಂದೆ 'ವ್ಯಾಟ್' ಎಂದು ಇರುತ್ತದೆ. ವ್ಯಾಟ್ ಎಂದರೆ ಆ ಸಾಮಾನಿನ ಹಸಿವು. ಅಂಕಿ ದೊಡ್ಡದಾದಷ್ಟು ಹಸಿವು ದೊಡ್ಡದು.

ಈಗಿನ ಎಲ್ಇಡಿ ದೀಪದ ಮೇಲೆ 9 ವ್ಯಾಟ್ ಎಂದು ಇರುತ್ತದೆ. ನೀರು ಕಾಸುವ ರಾಡಿನ ಮೇಲೆ 1500 ವ್ಯಾಟ್ ಎಂದು ಇರುತ್ತದೆ. 1500ನ್ನು 9ರಿಂದ ಭಾಗಿಸಿರಿ. 166 ಬರುತ್ತದೆ. ಒಂದು ರಾಡ್ ಉಣ್ಣುವುದನ್ನು 166 ದೀಪಗಳು ಹಂಚಿಕೊಂಡು ಉಣ್ಣಬಹುದು. ಇಡೀ ಓಣಿಗೆ ಬೆಳಕು ಆಗುತ್ತದೆ.

ಇನ್ನು ಬಕೀಟಿನ ಲೆಕ್ಕ. ಒಂದು ಬಕೀಟಿನಲ್ಲಿ 15 ಲೀಟರ್ ನೀರು ಇದೆ ಎನ್ನೋಣ. ತಣ್ಣೀರು 25 ಡಿಗ್ರಿ. ಜಳಕಕ್ಕೆ 45 ಡಿಗ್ರಿ ಆದರೆ ಸಾಕು. ನಡುವೆ 20 ಡಿಗ್ರಿ ಏರಬೇಕು. ಇಷ್ಟಕ್ಕೆ 1500 ವ್ಯಾಟಿನ ರಾಡನ್ನು ಸುಮಾರು ಕಾಲು ತಾಸು ಹಚ್ಚಬೇಕು. ಒಂದು ತಾಸಿಗೆ 1500. ಕಾಲು ತಾಸಿಗೆ 1500 ÷ 4 = 375. ಇದು ಒಂದು ಬಕೀಟಿನ ಖರ್ಚು. (1000 ಆದರೆ ಒಂದು ಯೂನಿಟ್ ಎನ್ನುತ್ತಾರೆ. ಬಿಲ್ಲಿನಲ್ಲಿ ಬರೆದಿರುವುದು ಅದೇ.)

ಈಗ ಪ್ಯಾನಲಿನ ಗಳಿಕೆ ನೋಡಿರಿ. ಸಣ್ಣ ಪ್ಯಾನಲ್ 40 ವ್ಯಾಟಿನದು. ದಿನಕ್ಕೆ 5 ತಾಸು ಚಲೋ ಬಿಸಿಲು ಬಿದ್ದರೆ 40 × 5 = 200. ಮೋಡ ಬಂದರೆ ಅದೂ ಇಲ್ಲ.

ಗಳಿಕೆ 200. ಒಂದು ಬಕೀಟಿನ ಖರ್ಚು 375. ಎರಡು ದಿನದ ಬಿಸಿಲು ಕೂಡಿಟ್ಟರೆ ಒಬ್ಬರ ಜಳಕ! ಮನೆಯಲ್ಲಿ ನಾಲ್ಕು ಜನ ಇದ್ದರೆ ವಾರಕ್ಕೊಮ್ಮೆ ಒಬ್ಬೊಬ್ಬರ ಪಾಳಿ ಬಂದೀತು. ದೀಪಕ್ಕಂತೂ ಏನೂ ಉಳಿಯುವುದಿಲ್ಲ. ಅದೇ 375ರಲ್ಲಿ 9 ವ್ಯಾಟಿನ ಎರಡು ದೀಪ ದಿನಕ್ಕೆ 4 ತಾಸಿನಂತೆ ಐದು ರಾತ್ರಿ ಉರಿಯುತ್ತವೆ. ಮಕ್ಕಳ ಓದು ಆಗುತ್ತದೆ. ನಮ್ಮ ಓದೂ ಆಗುತ್ತದೆ.

ಇದು ಲೆಕ್ಕದ ಮಾತು. ನಿಜವಾಗಿ ಸಣ್ಣ ಬ್ಯಾಟರಿಗೆ ರಾಡ್ ಹಚ್ಚಲು ಬರುವುದೇ ಇಲ್ಲ. 12 ವೋಲ್ಟಿನ ಬ್ಯಾಟರಿ 1500 ವ್ಯಾಟ್ ಕೊಡಬೇಕಾದರೆ 125 ಆಂಪಿಯರ್ ಕರೆಂಟು ತಂತಿಯಲ್ಲಿ ಹರಿಯಬೇಕು. ದೀಪದ ತೆಳ್ಳನೆಯ ತಂತಿ ಅಷ್ಟನ್ನು ತಾಳದು. ಕಾದು ಸುಟ್ಟು ಹೋಗುತ್ತದೆ. ಅಂಗಡಿಯವರು "ದೊಡ್ಡ ಬ್ಯಾಟರಿ, ದೊಡ್ಡ ಇನ್ವರ್ಟರ್ ತಗೊಳ್ರಿ, ಎಲ್ಲಾ ನಡೀತದ" ಎನ್ನಬಹುದು. ನಡೆಯುತ್ತದೆ, ಸುಳ್ಳಲ್ಲ. ಆದರೆ ಬರೀ ನೀರು ಕಾಸಲು ಅಷ್ಟು ಸಾಲ ಮಾಡಬೇಕೇ? ಬ್ಯಾಟರಿ ಕೆಲವು ವರ್ಷಕ್ಕೆ ಹಾಳಾಗುತ್ತದೆ. ಆಗ ಮತ್ತೆ ಕೊಳ್ಳಬೇಕು. ಮನೆಯ ಗಂಡಸರು ಈ ಮಾತು ತಂದಾಗ ಮೇಲಿನ ಎರಡು ಅಂಕಿ ತೋರಿಸಿರಿ: 200, 375.

ಒಲೆಯ ಮುಂದೆ ಕೂತವರಿಗೆ ಇದು ಹೊಸ ಮಾತಲ್ಲ. ಚಿಮಣಿಯ ಮೇಲೆ ಹಾಲು ಕಾಯಿಸಲು ಯಾರೂ ಹೋಗುವುದಿಲ್ಲ.

ಸಿಲಿಂಡರಿನೊಳಗೆ ಏನಿದೆ?

ನಾವು ಗ್ಯಾಸು ಎನ್ನುತ್ತೇವೆ. ಅದರಲ್ಲಿ ಎರಡು ಅನಿಲ ಬೆರೆತಿವೆ. ಒಂದರ ಹೆಸರು ಪ್ರೊಪೇನ್, ಇನ್ನೊಂದು ಬ್ಯೂಟೇನ್. ಒತ್ತಿ ಒತ್ತಿ ತುಂಬಿದಾಗ ಅವು ನೀರಿನಂತೆ ದ್ರವ ಆಗುತ್ತವೆ. ಅದಕ್ಕೇ ಸಿಲಿಂಡರ್ ಅಲುಗಿಸಿದರೆ ಒಳಗೆ ಕುಲುಕಿದಂತೆ ಆಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಬ್ಯೂಟೇನ್ ಚಳಿಗೆ ಹೊರಗೆ ಬರುವುದಿಲ್ಲ. ಅಲ್ಲಿ ಬರೀ ಪ್ರೊಪೇನ್ ಬಳಸುತ್ತಾರೆ. ಅಮೆರಿಕ, ಕೆನಡಾದಲ್ಲೂ ಊರಿನಿಂದ ದೂರದ ಹೊಲದ ಮನೆಗಳು ಇವೆ. ಅಂಗಳದಲ್ಲಿ ಪ್ರೊಪೇನಿನ ದೊಡ್ಡ ಟಾಕಿ ಇಟ್ಟುಕೊಂಡು ಅದರಿಂದಲೇ ನೀರು ಕಾಸುವ ಮನೆಗಳು ಅಲ್ಲಿ ಬಹಳ. ಎಂದರೆ, ಲೈನು ದೂರ ಆದಾಗ ನೀರಿಗೆ ಗ್ಯಾಸು ಎಂಬುದು ಬಡವರ ಉಪಾಯ ಮಾತ್ರ ಅಲ್ಲ.

ಕಾರಣ ಏನು? ಗ್ಯಾಸಿನ ಹೊಟ್ಟೆಯಲ್ಲಿ ಶಾಖ ಬಹಳ. ಒಂದು ಕಿಲೋ ಗ್ಯಾಸು ಉರಿದರೆ 12 ಯೂನಿಟ್ ಕರೆಂಟಿಗಿಂತ ಹೆಚ್ಚು ಶಾಖ ಬರುತ್ತದೆ. ಒಲೆಯ ಸುತ್ತ ಗಾಳಿಗೆ ಒಂದಿಷ್ಟು ಹೋಗುತ್ತದೆ. ನೀರಿಗೆ ಮುಟ್ಟುವುದು ಸುಮಾರು 7 ಯೂನಿಟ್ಟಿನಷ್ಟು. ಅಷ್ಟರಲ್ಲಿ ಸುಮಾರು 20 ಬಕೀಟು ಕಾಯುತ್ತವೆ. ಒಂದು ಬಕೀಟಿಗೆ 50 ಗ್ರಾಂ ಬಿತ್ತು. ಒಂದು ಸಣ್ಣ ಮುಷ್ಟಿ ಜೋಳದಷ್ಟು ತೂಕ!

ಮನೆಯ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸು ಇರುತ್ತದೆ. 14.2 × 20 = 284 ಬಕೀಟು. ಸಿಲಿಂಡರಿನ ಬೆಲೆ ಏರುತ್ತದೆ, ಇಳಿಯುತ್ತದೆ. ಲೆಕ್ಕ ಕಲಿಯಲು 900 ರೂಪಾಯಿ ಎಂದು ಹಿಡಿಯೋಣ. 900ನ್ನು 284ರಿಂದ ಭಾಗಿಸಿರಿ. ಒಂದು ಬಕೀಟಿಗೆ 3 ರೂಪಾಯಿ 17 ಪೈಸೆ.

ನಾಲ್ಕು ಜನ ದಿನಾಲೂ ಒಂದೊಂದು ಬಕೀಟು ಜಳಕ ಮಾಡಿದರೆ ದಿನಕ್ಕೆ 200 ಗ್ರಾಂ ಖರ್ಚು. 284 ÷ 4 = 71. ಬರೀ ನೀರಿಗೇ 71 ದಿನಕ್ಕೆ ಒಂದು ಸಿಲಿಂಡರ್ ಖಾಲಿ. ಅಡಿಗೆಯ ಗ್ಯಾಸು ಬೇರೆ. ಇದು ಹಗುರ ಖರ್ಚಲ್ಲ, ಮುಚ್ಚಿಡುವುದಿಲ್ಲ.

ಈ ಖರ್ಚು ಇಳಿಸಲು ಒಬ್ಬ ಗೆಳೆಯ ಇದ್ದಾನೆ. ಸೂರ್ಯ. ನಮ್ಮ ಸೀಮೆಯಲ್ಲಿ ಅವನಿಗೆ ಬರ ಇಲ್ಲ. ಬೇಸಿಗೆಯಲ್ಲಿ ಮಾಡಿನ ಮೇಲಿನ ಕರಿ ಟಾಕಿಯ ನಳ ಬಿಟ್ಟರೆ ಕೈ ಚುರ್ರ್ ಎನ್ನುತ್ತದೆ. ನೋಡಿದ್ದೀರಲ್ಲ? ಕರಿ ಬಣ್ಣ ಬಿಸಿಲನ್ನು ಕುಡಿಯುತ್ತದೆ. ಹೊರಗೆ ಮಸಿ ಹಿಡಿದ ಹಳೆಯ ಪಾತ್ರೆಗೆ ನೀರು ತುಂಬಿರಿ. ಮುಚ್ಚಳ ಮುಚ್ಚಿರಿ. ಬಿಸಿಲಿಗೆ ಇಡಿರಿ. 25 ಡಿಗ್ರಿಯ ನೀರು 35 ಆದರೂ ಅರ್ಧ ಕೆಲಸ ಆಯಿತು. ಉಳಿದ 10 ಡಿಗ್ರಿಗೆ ಮಾತ್ರ ಗ್ಯಾಸು. 50 ಗ್ರಾಂ ಬದಲು 25 ಗ್ರಾಂ. ಇದಕ್ಕಾಗಿ ಜಳಕವನ್ನು ಸಂಜೆಗೆ ಇಟ್ಟುಕೊಳ್ಳಬೇಕು, ಅಷ್ಟೇ. ಹಣ ಕೂಡಿದರೆ ಬಿಸಿಲಿನಿಂದಲೇ ನೀರು ಕಾಯುವ ಸೋಲಾರ್ ವಾಟರ್ ಹೀಟರ್ ಬರುತ್ತದೆ. ದೀಪದ ಪ್ಯಾನಲ್ ಬೇರೆ, ಇದು ಬೇರೆ. ಇದಕ್ಕೆ ಬ್ಯಾಟರಿ ಬೇಡ.

ಲೈನು ಇರುವ ಊರ ಮನೆಯವರು ಈ ಪಾಠ ಓದಿ ರಾಡ್ ಬಿಸಾಡಬೇಡಿರಿ. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೂ ಅಲ್ಲಿ ಒಂದು ಬಕೀಟಿಗೆ 2 ರೂಪಾಯಿ 25 ಪೈಸೆ ಆಗುತ್ತದೆ. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯ ಮಿತಿಯೊಳಗೆ ಇದ್ದರೆ ಬಿಲ್ಲೇ ಇಲ್ಲ. ಆದರೆ ಮೀಟರ್ ಇಲ್ಲದ ಮನೆಗೆ ಆ ಯೋಜನೆ ಎಲ್ಲಿಂದ ಬಂದೀತು? ರಾಡ್ ಬಳಸುವವರು ಒಂದು ಮಾತು ಮರೆಯಬಾರದು: ಬಟನ್ ಬಂದ್ ಮಾಡಿ, ಪ್ಲಗ್ ಕಿತ್ತ ಮೇಲೇ ನೀರಿಗೆ ಕೈ ಹಾಕಿರಿ.

ವಾಸನೆ ಇಲ್ಲದ ವಿಷ

ಗ್ಯಾಸಿನಿಂದ ನೀರು ಕಾಸಲು ಎರಡು ದಾರಿ. ಒಂದು, ಒಲೆಯ ಮೇಲೆ ಪಾತ್ರೆ ಇಡುವುದು. ಇನ್ನೊಂದು, ಗ್ಯಾಸ್ ಗೀಸರ್.

ಗೀಸರಿಗೂ ಲೈನು ಬೇಡ. ಬ್ಯಾಟರಿ ದೀಪಕ್ಕೆ ಹಾಕುವಂಥ ಎರಡು ಸೆಲ್ ಹಾಕಿದರೆ ಕಿಡಿ ಬರುತ್ತದೆ. ನಳ ತಿರುವಿದ ಕೂಡಲೇ ಬಿಸಿನೀರು. ಆದರೆ ನೀರು ಜೋರಾಗಿ ಹರಿದು ಬರಬೇಕು. ಅದಕ್ಕೆ ಎತ್ತರದಲ್ಲಿ ಟಾಕಿ ಬೇಕು. ಕೊಡದಲ್ಲಿ ನೀರು ಹೊರುವ ಮನೆಗೆ ಗೀಸರ್ ಉಪಯೋಗ ಇಲ್ಲ.

ಗೀಸರ್ ಹಾಕಿಸುವವರು ಇಲ್ಲಿ ನಿಧಾನವಾಗಿ ಓದಿರಿ. ಬೇಕಾದರೆ ಎರಡು ಸಲ ಓದಿರಿ.

ಬೆಂಕಿಗೆ ಗಾಳಿ ಬೇಕು. ಮುಚ್ಚಿದ ಬಚ್ಚಲಲ್ಲಿ ಗೀಸರ್ ಉರಿದರೆ ಅಲ್ಲಿನ ಒಳ್ಳೆಯ ಗಾಳಿ ಖರ್ಚಾಗುತ್ತದೆ. ಗಾಳಿ ಸಾಲದ ಬೆಂಕಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ. ವಾಸನೆ ಇಲ್ಲ. ಹೊಗೆಯಂತೆ ಕಣ್ಣು ಉರಿಸಿ ಎಚ್ಚರ ಕೊಡುವುದೂ ಇಲ್ಲ. ಉಸಿರಿನೊಡನೆ ರಕ್ತಕ್ಕೆ ಸೇರುತ್ತದೆ. ತಲೆ ನೋಯುತ್ತದೆ. ತಲೆ ತಿರುಗುತ್ತದೆ. ಕಾಲಲ್ಲಿ ಬಲ ಇಲ್ಲದಂತೆ ಆಗುತ್ತದೆ. ಬಾಗಿಲ ಚಿಲಕ ತೆಗೆಯಬೇಕು ಎಂದು ಮನಸ್ಸಿಗೆ ಬಂದರೂ ಕೈ ಏಳುವುದಿಲ್ಲ. ಹೀಗೆ ಜಳಕಕ್ಕೆ ಹೋದವರು ಹೆಣವಾಗಿ ಸಿಕ್ಕ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಮನೆಯವರು ಮೊದಲು ಹೃದಯ ನಿಂತಿತು ಎಂದುಕೊಳ್ಳುತ್ತಾರೆ. ಗಾಳಿಯನ್ನು ಯಾರೂ ಅನುಮಾನಿಸುವುದಿಲ್ಲ.

ಹೆಣ್ಣುಮಕ್ಕಳಿಗೆ ಈ ಅಪಾಯ ಹೆಚ್ಚು ಎಂದು ನಮಗೆ ಅನಿಸುತ್ತದೆ. ಮರ್ಯಾದೆಗೆ ಎಂದು ಕಿಟಕಿಗೆ ಗೋಣಿಚೀಲ ತುರುಕುತ್ತೇವೆ. ಬಾಗಿಲ ಸಂದಿಗೆ ಬಟ್ಟೆ ಇಡುತ್ತೇವೆ. ತಲೆ ಎರೆದುಕೊಳ್ಳುವಾಗ ಹೆಚ್ಚು ಹೊತ್ತು ಒಳಗೆ ಇರುತ್ತೇವೆ.

ಉಪಾಯ ಕಷ್ಟದ್ದಲ್ಲ. ಗೀಸರನ್ನೂ ಸಿಲಿಂಡರನ್ನೂ ಬಚ್ಚಲ ಹೊರಗೆ, ಗಾಳಿ ಆಡುವ ಕಡೆ ಗೋಡೆಗೆ ಹಾಕಿಸಿರಿ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಹಾಕುವವನು "ಒಳಗ ಹಾಕಿದ್ರ ಪೈಪು ಉಳೀತದ್ರೀ ಅಕ್ಕಾರ" ಎಂದರೆ ಒಪ್ಪಬೇಡಿರಿ. ಉಳಿಯುವುದು ಒಂದು ಮಾರು ಪೈಪು.

ಬಾಣಂತಿಯ ಕೋಣೆಯ ಕೆಂಡಕ್ಕೂ ಇದೇ ಮಾತು. ಮಂಚದ ಕೆಳಗೆ ಕೆಂಡ ಇಟ್ಟು, ಗಾಳಿ ಬಡಿದೀತೆಂದು ಕಿಟಕಿ ಬಾಗಿಲು ಮುಚ್ಚುವ ಪದ್ಧತಿ ಇದೆ. ಹೊಗೆ ಇಲ್ಲದ ಕೆಂಡ ಒಳ್ಳೆಯದು ಎಂದು ತಿಳಿಯುತ್ತೇವೆ. ಆ ಕೆಂಡವೂ ಅದೇ ವಿಷದ ಗಾಳಿ ಬಿಡುತ್ತದೆ. ಅಲ್ಲಿ ಮಲಗಿರುವುದು ತಾಯಿ ಮತ್ತು ಎಳೆಗೂಸು. ಕೂಸಿಗೆ ಬೆಚ್ಚಗೆ ಬಟ್ಟೆ ಸುತ್ತಿರಿ, ತಾಯಿಯ ಮೈಗೆ ತಗುಲಿಸಿ ಮಲಗಿಸಿರಿ. ಕೆಂಡ ಹೊರಗೆ ಇರಲಿ.

ತೋಟದ ಮನೆಗೆ ಯಾವುದು ಆದೀತು ಎಂದು ಕೇಳಿದರೆ, ಒಲೆಯ ಮೇಲೆ ಮುಚ್ಚಳ ಇರುವ ಪಾತ್ರೆ ಎಂದೇ ನಾವು ಹೇಳುತ್ತೇವೆ. ದೊಡ್ಡ ಹಂಡೆ ಬೇಡ. ಗ್ಯಾಸಿನ ಒಲೆ ಅದರ ಭಾರ ತಾಳುವುದಿಲ್ಲ, ಇಳಿಸುವಾಗ ಮೈಮೇಲೆ ಬಿದ್ದೀತು. ಒಬ್ಬರು ಎತ್ತುವಷ್ಟು ಪಾತ್ರೆ ಇಡಿರಿ. ಬಕೀಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊದಲು ಬಿಸಿನೀರು ಸುರಿದು ತಣ್ಣೀರು ತರಲು ಹೋದ ಗಳಿಗೆಯಲ್ಲೇ ಮಕ್ಕಳು ಕೈ ಹಾಕಿ ಸುಟ್ಟುಕೊಳ್ಳುವುದು. ಒಣ ಕಟಗಿ ರಾಶಿ ಇದ್ದಾಗ ಅಂಗಳದ ಬಯಲಿನಲ್ಲಿ ಹಂಡೆ ಹೂಡಿದರೂ ತಪ್ಪಿಲ್ಲ. ಗ್ಯಾಸು ಮಳೆಗೆ, ನಸುಕಿಗೆ, ಬಾಣಂತನಕ್ಕೆ ಇರಲಿ.

ಸಿಲಿಂಡರನ್ನು ಓದುವುದು

ಉಜ್ವಲಾ ಯೋಜನೆ 2016ರ ಮೇ 1ರಂದು ಶುರುವಾಯಿತು. ಅದರಲ್ಲಿ ಕನೆಕ್ಷನ್ ಮನೆಯ ಹೆಣ್ಣುಮಗಳ ಹೆಸರಿಗೇ ಬರುತ್ತದೆ. ಹೆಸರು ನಮ್ಮದು ಎಂದ ಮೇಲೆ ಸಿಲಿಂಡರನ್ನು ಓದಲೂ ನಮಗೇ ಬರಬೇಕು. ತೋಟಕ್ಕೆ ಒಯ್ಯಲು 14.2 ಕಿಲೋದ್ದು ಭಾರ ಆದರೆ 5 ಕಿಲೋದ ಸಣ್ಣ ಸಿಲಿಂಡರೂ ಸಿಗುತ್ತದೆ, ಕೇಳಿರಿ.

ಸಿಲಿಂಡರಿನ ಕೊರಳ ಹತ್ತಿರ ಹಿಡಿಕೆಗೆ ಆಧಾರವಾಗಿ ಕಬ್ಬಿಣದ ಪಟ್ಟಿಗಳು ಇರುತ್ತವೆ. ಅವುಗಳಲ್ಲಿ ಒಂದರ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಬರೆದಿರುತ್ತಾರೆ. ಎ ಎಂದರೆ ಮಾರ್ಚ್ ಕೊನೆವರೆಗೆ. ಬಿ ಎಂದರೆ ಜೂನ್ ಕೊನೆ. ಸಿ ಎಂದರೆ ಸೆಪ್ಟೆಂಬರ್ ಕೊನೆ. ಡಿ ಎಂದರೆ ಡಿಸೆಂಬರ್ ಕೊನೆ. ಅಂಕಿ ವರ್ಷದ್ದು. 'ಸಿ 29' ಎಂದು ಇದ್ದರೆ 2029ರ ಸೆಪ್ಟೆಂಬರಿನೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು ಎಂದು ಅರ್ಥ. ದಿನ ಮುಗಿದ ಸಿಲಿಂಡರ್ ತಂದರೆ ಹಿಂದಕ್ಕೆ ಕಳಿಸಿರಿ.

ಖಾಲಿ ಸಿಲಿಂಡರಿನ ತೂಕವನ್ನೂ ಅದರ ಮೇಲೆಯೇ ಬರೆದಿರುತ್ತಾರೆ. ಅದಕ್ಕೆ 14.2 ಕೂಡಿಸಿರಿ. 15.6 ಇದ್ದರೆ 15.6 + 14.2 = 29.8. ತೂಗಿದಾಗ ಅಷ್ಟು ಬರಬೇಕು. ಕಿತ್ತಳೆ ಬಣ್ಣದ ಪೈಪಿನ ಮೇಲೂ ವರ್ಷ ಇರುತ್ತದೆ. ಐದು ವರ್ಷಕ್ಕೆ ಪೈಪು ಬದಲಿಸಬೇಕು.

ಸಿಲಿಂಡರ್ ಯಾವಾಗಲೂ ನಿಂತೇ ಇರಬೇಕು. ಗ್ಯಾಸು ಮುಗಿಯುತ್ತ ಬಂದಾಗ ಅಡ್ಡ ಮಲಗಿಸಬಾರದು, ಬಿಸಿನೀರು ಹೊಯ್ಯಬಾರದು. ಒಲೆ ಸಿಲಿಂಡರಿಗಿಂತ ಎತ್ತರದ ಕಟ್ಟೆಯ ಮೇಲೆ ಇರಲಿ.

ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ನಮಗೆ ಗೊತ್ತಾಗಲಿ ಎಂದೇ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ತೋಟದ ಮನೆಯಲ್ಲಿ ನೆಲದ ಒಲೆಯೂ ಗ್ಯಾಸೂ ಒಂದೇ ಕೋಣೆಯಲ್ಲಿ ಇರುತ್ತವೆ. ಬೂದಿಯೊಳಗಿನ ಒಂದು ಕೆಂಡ ಸಾಕು. ಆದ್ದರಿಂದ ನೆಲದ ಒಲೆ ಬೇರೆ ಕಡೆ ಹೂಡಿರಿ. ವಾಸನೆ ಬಂತೇ? ಚಿಮಣಿ ಹಚ್ಚಬೇಡಿರಿ. ಯಾವ ಬಟನ್ನೂ ಮುಟ್ಟಬೇಡಿರಿ. ರೆಗ್ಯುಲೇಟರ್ ಬಂದ್ ಮಾಡಿರಿ. ಬಾಗಿಲು ತೆಗೆಯಿರಿ. ಮಕ್ಕಳನ್ನು ಕರಕೊಂಡು ಹೊರಗೆ ಹೋಗಿರಿ. ದೂರ ಹೋಗಿ ಮೊಬೈಲಿನಿಂದ 1906ಕ್ಕೆ ಫೋನು ಮಾಡಿರಿ.

ನೀವೇ ಮಾಡಿರಿ

1. ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಬಕೀಟು ಬಿಸಿನೀರು ಬೇಕು? ಒಂದು ಬಕೀಟಿಗೆ 50 ಗ್ರಾಂ ಎಂದು ಹಿಡಿದು ತಿಂಗಳ ಲೆಕ್ಕ ಹಾಕಿರಿ.

2. ಈ ತಿಂಗಳು ಸಿಲಿಂಡರಿಗೆ ಎಷ್ಟು ಕೊಟ್ಟಿರಿ? ಆ ಅಂಕಿಯನ್ನು 284ರಿಂದ ಭಾಗಿಸಿರಿ.

3. ಸಿಲಿಂಡರಿನ ಕೊರಳ ಪಟ್ಟಿಯ ಮೇಲೆ ಏನು ಬರೆದಿದೆ? ನೋಡಿ ಬಂದು ಇಲ್ಲಿ ಬರೆಯಿರಿ: ............